ಎಂಜಿನ್ನಿನ ಕಡೆಯ ಕಿಟಕಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಉಗಿಬಂಡಿಯನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಅದು ಹೊತ್ತಿಗೆ ಸರಿಯಾಗಿ ಬರುತ್ತದೆಂದು ಅಪ್ಪ ನಂಬುತ್ತಿರಲಿಲ್ಲ. ಕರೆದೊಯ್ದವರನ್ನು ಮರಳಿ ತರುತ್ತದೆಂದು ಅಜ್ಜಿ ನಂಬುತ್ತಿರಲಿಲ್ಲ. ಬೀದರ ಜಿಲ್ಲೆ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಶಾಲೆಗಳಿಗೆ ಕನ್ನಡ ಕಲಿಸುವವರು ಬೇಕಾಗಿದ್ದರು. ಅಕ್ಕ ಅರ್ಜಿ ಹಾಕಿದ್ದಳು. ಬೀದರಿನ ಶಿಕ್ಷಣ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು.

“ಮೈಸೂರಿಗಿ ಒಯ್ತಾರ ನೋಡು. ಈ ಪೋರಿನ್ನ ಮತ್ತ ನಾವು ಕಾಣಾಂಗಿಲ್ಲ,” ಎಂದು ಅಜ್ಜಿ ಮುನಿದು ಕುಳಿತಳು.

ಅಂದು ಅಪ್ಪ, ಅಕ್ಕ ಮತ್ತು ಹಟಮಾಡಿ ಹೊರಟ ನಾನು ಹಲಬರ್ಗಾ ನಿಲ್ದಾಣವನ್ನು ರೈಲಿಗಿಂತ ಎರಡು ಗಂಟೆ ಮೊದಲೇ ಮುಟ್ಟಿದೆವು. ಕೊನೆಗೆ ಅದು ಬಂದಿತು. ಸುಟ್ಟ ಕಲ್ಲಿದ್ದಲಿನ ವಾಸನೆ ಮೂಗಿಗೆ ಅಡರಿತು. ಬಿಸಿ ಉಗಿ ಕಾಲಿಗೆ ತಾಗಿತು. ಅಪ್ಪ ನಮ್ಮನ್ನು ಎಂಜಿನ್ನಿಗೆ ಬೆನ್ನು ಮಾಡಿ ಕೂರಿಸಿದರು. ಕಿಟಕಿಯ ಮರದ ಬಾಗಿಲನ್ನೂ ತಾವೇ ಇಳಿಸಿದರು. ಹಾಗೆ ಮಾಡದಿದ್ದರೆ ಹೊಗೆಯೊಡನೆ ಹಾರಿಬರುವ ಕಲ್ಲಿದ್ದಲಿನ ಹರಳು ಕಣ್ಣಿಗೆ ಬೀಳುತ್ತದೆಂದು ಆಗ ಎಲ್ಲರಿಗೂ ಗೊತ್ತಿತ್ತು.

ನನಗೂ ಗೊತ್ತಿತ್ತು. ಆದರೂ ಅಪ್ಪನಿಗೆ ಜೊಂಪು ಹತ್ತಿದೊಡನೆ ನಾನು ಎದುರಿನ ಖಾಲಿ ಜಾಗಕ್ಕೆ, ಅಂದರೆ ಎಂಜಿನ್ನಿಗೆ ಮುಖವಾಗುವ ಕಡೆಗೆ, ದಾಟಿ ಅಲ್ಲಿಯ ಕಿಟಕಿಯನ್ನು ಎತ್ತಿದೆ. ಬೀದರಿನ ಕೋಟೆ ಕಾಣಬಹುದೆಂಬ ಆಸೆ. ತಲೆ ಹೊರಗೆ ಹಾಕಿದೆ. ಅಕ್ಕ ಬಾಗಿ ನನ್ನ ಅಂಗಿಯನ್ನು ಹಿಡಿದು ಒಳಗೆಳೆದಳು. ಆ ಕ್ಷಣದಲ್ಲಿಯೇ ಹರಳು ಅವಳ ಬಲಗಣ್ಣಿಗೆ ಬಿತ್ತು. ಅವಳು ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಮೆಲ್ಲನೆ ಇಳಿಸಿ ಮೊದಲಿನ ಜಾಗಕ್ಕೆ ಬಂದೆ.

“ಏನಾಯ್ತವ್ವ?” ಎಂದರು ಎಚ್ಚೆತ್ತ ಅಪ್ಪ.

“ಏನಿಲ್ಲಪ್ಪ, ಧೂಳ,” ಎಂದಳು ಅಕ್ಕ. ನನ್ನ ಹೆಸರನ್ನು ಹೇಳಲಿಲ್ಲ.

ಕಚೇರಿ ಮುಟ್ಟುವಷ್ಟರಲ್ಲಿ ಆ ಕಣ್ಣು ಕೆಂಪು ಮೆಣಸಿನಕಾಯಿಯಂತಾಗಿ ಸೋರುತ್ತಿತ್ತು. ಬಾಗಿಲಲ್ಲಿದ್ದ ಚಪರಾಸಿ ಕೈ ಅಡ್ಡ ಹಿಡಿದ.

“ಏ ತಂಗಿ, ನಿನಗ ಕಣ್ಣು ಬಂದಾವ. ಒಳಗ ಹೋಗಬ್ಯಾಡ. ಸಾಹೇಬರಿಗಿ ಈ ಬ್ಯಾನಿ ಹತ್ತಿತಂದ್ರ ನನ್ನ ನೌಕರಿ ಹೋಗ್ತದ.”

“ಬ್ಯಾನಿ ಅಲ್ಲರಿ. ರೈಲಿನಾಗ ಏನೋ ಬಿದ್ದದ,” ಎಂದರು ಅಪ್ಪ.

“ಕಿಟಕಿ ತೆರ್ದಿತ್ತೇನ್ರಿ?”

“ಇಲ್ಲರಿ. ನಾನೇ ಮುಚ್ಚಿದ್ದೆ.”

“ಮುಚ್ಚಿದ ಕಿಟಕಿಯಾಗಿಂದ ಹ್ಯಾಂಗ ಬಿತ್ತು? ಮೂರು ದಿನದಾಗ ಹತ್ತು ಮಂದಿ ಇದೇ ಕತಿ ಹೇಳ್ಯಾರ. ಮನಿಗಿ ಹೋಗ್ರಿ.”

ಒಳಗಿನಿಂದ ಯಾರೋ ಅಕ್ಕನ ಹೆಸರನ್ನು ಕೂಗಿದರು. ಒಮ್ಮೆ. ಮತ್ತೊಮ್ಮೆ. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡು ನೆಲ ನೋಡುತ್ತಿದ್ದಳು. ನಾನು ಚಪರಾಸಿಯ ಮುಂದೆ ಹೋಗಿ ನಿಂತೆ.

“ನಾ ತೆರ್ದಿದ್ದೆರಿ. ಅಪ್ಪ ಮಲ್ಗಿದ್ದ,” ಎಂದೆ.

ಅಪ್ಪ ನನ್ನತ್ತ ತಿರುಗಿದರು. ಚಪರಾಸಿ ಇನ್ನೂ ನಂಬಲಿಲ್ಲ. “ಪೋರಗ ಪಾಠ ಹೇಳ್ಕೊಟ್ಟು ಕರ್ಕೊಂಡು ಬಂದೀರಿ,” ಎಂದ.

ಅಪ್ಪ ಹೆಗಲ ಮೇಲಿನ ಬಿಳಿ ವಲ್ಲಿಯನ್ನು ಅವನ ಮೇಜಿನ ಮೇಲೆ ಹಾಸಿ, ನನ್ನ ಕುತ್ತಿಗೆಯನ್ನು ಬಗ್ಗಿಸಿ, ಎಣ್ಣೆ ಹಚ್ಚಿದ ನನ್ನ ಕೂದಲನ್ನು ಐದೂ ಬೆರಳಿಂದ ಕೆದರಿದರು. ಪಟಪಟನೆ ಕರಿಯ ಹರಳುಗಳು ಉದುರಿದವು. ಚಪರಾಸಿ ಒಂದನ್ನು ಬೆರಳಲ್ಲಿ ತಿಕ್ಕಿ ನೋಡಿ ನಕ್ಕುಬಿಟ್ಟ.

“ಅರೆ! ಇವ ಅರ್ಧಾ ಇಂಜಿನ್ನೇ ಹೊತ್ಕೊಂಡು ಬಂದಾನಲ್ಲೋ! ಹೋಗವ್ವ, ಲಗೂ ಹೋಗು.”

ಅಕ್ಕ ಹೂಜಿಯ ನೀರಿನಿಂದ ಕಣ್ಣು ತೊಳೆದು ಒಳಗೆ ಹೋದಳು. ಒಂದೇ ಕಣ್ಣಿನಿಂದ ಓದಿದ ಅವಳ ಸ್ಪಷ್ಟ ಕನ್ನಡ ಹೊರಗಿದ್ದ ನಮಗೂ ಕೇಳಿಸಿತು. ಮುಂದೆ ಅವಳಿಗೆ ಔರಾದ ತಾಲೂಕಿನ ಠಾಣಾ ಕುಶನೂರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು.

ಮಕ್ಕಳೇ, ಹಳೆಯ ಉಗಿಬಂಡಿಗಳು ಮತ್ತೆ ಹಳಿಗೆ ಬರುತ್ತಿವೆಯೆಂದು ನೀವು ಮೊಬೈಲಿನಲ್ಲಿ ತೋರಿಸಿದಿರಿ. ಎಂಜಿನ್ನು ಮಿರಮಿರನೆ ಹೊಳೆಯುತ್ತಿದೆ. ನೀವು ತಂಪು ಗಾಳಿಯ ಬೋಗಿಯ ಗಾಜಿನ ಹಿಂದೆ ಕುಳಿತು ಹೊಗೆಯ ಚಿತ್ರ ತೆಗೆಯಬಹುದು. ಎರಡು ತಾಸು ಸುತ್ತಾಡಿಸಿ, ಹತ್ತಿದ ನಿಲ್ದಾಣದಲ್ಲಿಯೇ ನಿಮ್ಮನ್ನು ಇಳಿಸುತ್ತಾರಂತೆ. ನೋಡಲು ಚೆಂದವೇ, ಕೂಗು ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ನಾವು ಆ ಹೊಗೆಯನ್ನು ಸಹಿಸಿದ್ದು ಯಾವುದೋ ಊರಿಗೆ ಹೋಗಲೇಬೇಕಾಗಿದ್ದುದರಿಂದ. ನಿಮ್ಮೊಡನೆ ನಾನೂ ಬರುತ್ತೇನೆ. ಆದರೆ ಹತ್ತುವ ಮೊದಲು ರೈಲಿನವರನ್ನು ಒಂದು ಮಾತು ಕೇಳುತ್ತೇನೆ: ಈ ರೈಲು ಯಾವ ಊರಿಗೆ ಹೋಗುತ್ತದೆ?