ಬೆಲ್ಲಿಲ್ಲದ ಸೈಕಲ್ಲು

ನನ್ನ ಸೈಕಲ್ಲಿಗೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇರಲಿಲ್ಲ. ಮಣ್ಣು, ಜಲ್ಲಿ ದಾರಿಯಲ್ಲಿ ಓಡಿಸಲೆಂದೇ ಮಾಡಿದ ಸೈಕಲ್ಲದು. ಟೈರು ದಪ್ಪ, ಹ್ಯಾಂಡಲ್ಲು ಟಗರಿನ ಕೋಡಿನ ಹಾಗೆ ಕೆಳಕ್ಕೆ ಬಾಗಿದೆ. ಶಿರಸಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಭಾನುವಾರ ಬೆಳಗಾದದ್ದೇ ತಡ, ಸೈಕಲ್ಲು ಹತ್ತಿ ಊರು ಬಿಡುತ್ತೇನೆ. ಐವತ್ತು ಹತ್ತಿರ ಬಂದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ, ಅವರ ಬಾಯಿ ಅವರದು.

ಮಾಗೋಡಿಗೆ ಹೋದರೂ ನನಗೆ ಜಲಪಾತಕ್ಕಿಂತ ಅದರ ಆಚೀಚಿನ ದಾರಿಗಳ ಮೇಲೇ ಕಣ್ಣು. ಡಾಂಬರು ಬಿಟ್ಟು ಕಾಡಿನೊಳಗೆ ತಿರುಗುವ ದಾರಿಯೊಂದು ಕಂಡಿತೋ, ಅದು ಯಾವ ಕೆರೆ ದಂಡೆ ಸುತ್ತಿ ಯಾರ ಮನೆಯಂಗಳದಲ್ಲಿ ಮುಗಿಯುತ್ತದೆ ಎಂದು ತಿಳಿಯುವವರೆಗೆ ನನಗೆ ಅನ್ನ ಸೇರುವುದಿಲ್ಲ. ಇಡಗುಂದಿಯ ಹತ್ತಿರ ಹಾಗೇ ಹೋದ ದಾರಿ ಒಬ್ಬರ ಹುಲ್ಲಿನ ಬಣವೆಯ ಬುಡದಲ್ಲಿ ಮುಗಿದಿತ್ತು. ದಾರಿ ತಪ್ಪಿ ಬಂದವಳೆಂದು ಪಾಪ, ಆ ಮನೆಯವರು ದೋಸೆ ಹಾಕಿ ಕಳಿಸಿದರು. ತಪ್ಪಲಿಲ್ಲ, ಬೇಕೆಂದೇ ಬಂದೆ ಎಂದು ನಾನೂ ಹೇಳಲಿಲ್ಲ.

ಅವತ್ತು ಸಿದ್ದಾಪುರದ ಕಡೆ ಹೋಗಿದ್ದೆ. ಮಳೆಗಾಲ ಕಳೆದು ದಾರಿ ಗಟ್ಟಿಯಾಗಿತ್ತು. ಹಳೆಯ ಊರೊಂದರ ಹೊರಗೆ, ಎತ್ತಿನಗಾಡಿ ಓಡಿ ಓಡಿ ತಗ್ಗುಬಿದ್ದ ದಾರಿಯ ಪಕ್ಕ, ಮತ್ತಿಮರದ ಬುಡಕ್ಕೆ ಒರಗಿದ ವೀರಗಲ್ಲು ಕಂಡಿತು. ಸೈಕಲ್ಲನ್ನು ಮರಕ್ಕೆ ಆನಿಸಿ, ಕೈಯಿಂದ ಪಾಚಿ ಉಜ್ಜಿ ನೋಡಿದೆ. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ. ಮೇಲಿನ ಪಟ್ಟಿಯಲ್ಲಿ ಅವನನ್ನು ಇಬ್ಬರು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಊರಿನ ದನ ಉಳಿಸಲು ಹೋಗಿ ಸತ್ತವನ ಕಲ್ಲು. ಎಲ್ಲ ಸರಿ, ದನಗಳು ಮನೆಗೆ ಬಂದವೋ ಇಲ್ಲವೋ? ಅದೊಂದನ್ನೇ ಕಲ್ಲುಕುಟಿಗ ಕೆತ್ತಿರಲಿಲ್ಲ, ನನಗೆ ಬೇಕಾಗಿದ್ದದ್ದೂ ಅದೇ.

"ತಂಗೀ, ಇಲ್ಲೆಲ್ಲಾದ್ರೂ ಒಂದು ಆಕಳು ಕಂಡ್ಚನೇ?"

ತಿರುಗಿ ನೋಡಿದರೆ ಅರವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದಾರೆ. ಬನವಾಸಿ ಕಡೆಯ ನನ್ನ ನಾಲಿಗೆಗೆ ಸುಮ್ಮನಿರಲು ಎಲ್ಲಿ ಬರುತ್ತದೆ? "ಕಂಡಾವ್ರಿ ಅಕ್ಕಾರ, ನಾಕದಾವು, ಎಲ್ಲಾ ಕಲ್ಲಿನವು" ಎಂದೆ.

ಅವರು ನಗಲಿಲ್ಲ. "ಚೇಷ್ಟೆ ಮಾಡಡ ಮಾರಾಯ್ತಿ. ಕರ ಹಾಕೋ ದಿನ ಅದಕ್ಕೆ. ನಿನ್ನೆ ಮೇಯಲೆ ಹೋದ್ದು ಇನ್ನೂ ಮನೆಗೆ ಬಂಜಿಲ್ಲೆ. ಬೆಟ್ಟದಲ್ಲಿ ಚಿರತೆ ಇದ್ದು." ಹೇಳುತ್ತಲೇ ಅವರು ಕೋಲಿನಿಂದ ಪಕ್ಕದ ಪೊದೆ ಸರಿಸಿ ಇಣುಕಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗಾಯಿತು. ನನಗೆ ನಾಚಿಕೆಯಾಯಿತು.

ಮಗ, ಸೊಸೆ ಬೈಕಿನಲ್ಲಿ ಆಚೆ ಗುಡ್ಡಕ್ಕೆ ಹುಡುಕಲು ಹೋಗಿದ್ದರಂತೆ. ಈ ಬದಿಯದು ಇವರ ಪಾಲು. ಕರು ಹಾಕಿದ ಆಕಳು ಕೆಲವೊಮ್ಮೆ ಕರುವನ್ನು ಪೊದೆಯಲ್ಲಿ ಅಡಗಿಸಿ ತಾನೂ ಅಲ್ಲೇ ನಿಂತುಬಿಡುತ್ತದೆ. ಎಷ್ಟು ಕರೆದರೂ ಓಗೊಡುವುದಿಲ್ಲ. ಅವರು ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದರು. "ನಡೀರಿ ಅಕ್ಕಾರ, ನಾನೂ ಹುಡುಕ್ತೀನಿ, ನನ್ನ ಸೈಕಲ್ ಎಂಥಾ ದಾರ್‍ಯಾಗೂ ಹೊಕ್ಕೈತಿ" ಎಂದೆ.

ಅವರು ಆಗ ಸೈಕಲ್ಲನ್ನು ನೋಡಿದರು. "ಇದೆಂತ ಸೈಕಲ್ಲೇ? ಸ್ಟ್ಯಾಂಡಿಲ್ಲೆ, ಕ್ಯಾರಿಯರಿಲ್ಲೆ. ಬೆಲ್ಲಾದ್ರೂ ಇದ್ದಾ?"

"ಅದೂ ಇಲ್ರಿ."

"ಥೋ! ಅದೊಂದು ಇದ್ದಿದ್ರೆ ಆಗ್ತಿತ್ತಲೇ."

ಯಾಕೆ ಆಗುತ್ತಿತ್ತು? ನಾನು ಬಿಡುವವಳೇ? ಕೇಳಿದೆ. "ನಮ್ಮನೆಯವ್ರು ಸೊಸೈಟಿಯಿಂದ ಸೈಕಲ್ ಕ್ಯಾರಿಯರಿಗೆ ದನದ ಹಿಂಡಿ ಹಾಕ್ಯಂಡು ಬಪ್ಪಾಗ ಆ ತಿರುವಲ್ಲಿ ಬೆಲ್ ಹೊಡಿತಿದ್ರು. ಇದು ಎಲ್ಲಿದ್ರೂ ಬಾಲ ಎತ್ಗಂಡು ಓಡಿ ಬರ್ತಿತ್ತು. ಸಣ್ಣ ಕರ ಆಗಿಪ್ಪಾಗಿಂದ ರೂಢಿ." ಸ್ವಲ್ಪ ತಡೆದು ಅಂದರು, "ಅವ್ರು ಹೋಗಿ ಮೂರು ವರ್ಷ ಆತು. ಈಗ ಅದಕ್ಕೆ ನೆನಪಿರ್ತಾ?"

ನೆನಪಿರುತ್ತದೆಯೇ? ಆಕಳಿಗೆ ಒಂದು ಸದ್ದು ಎಷ್ಟು ಕಾಲ ನೆನಪಿದ್ದೀತು? ಚಿರತೆಯ ಭಯ ಒಂದು ಕಡೆ ಇರಲಿ, ಈ ಪ್ರಶ್ನೆ ನನ್ನ ತಲೆ ಹೊಕ್ಕುಬಿಟ್ಟಿತು. "ಆ ಬೆಲ್ ಐತೇನ್ರಿ?" ಎಂದೆ. ಇತ್ತು. ಅವರ ಹಿಂದೆಯೇ ಮನೆಗೆ ಹೋದೆ. ಕೊಟ್ಟಿಗೆಯ ಗೋಡೆಯಲ್ಲಿ ಗಂಡನ ಹಳೆಯ ಸೈಕಲ್ಲು ತೂಗುಬಿದ್ದಿತ್ತು, ಟೈರು ಒಣಗಿ ಬಿರಿದಿತ್ತು. ಮಗ ಅದನ್ನು ಗುಜರಿಗೆ ಕೊಡುತ್ತೇನೆ ಎಂದಾಗಲೆಲ್ಲ ಇವರು ರಂಪ ಮಾಡಿ ಉಳಿಸಿಕೊಂಡಿದ್ದರಂತೆ. ನಾನು ಚೀಲದಿಂದ ಪಾನಾ ತೆಗೆದು ಅವರ ಮುಖ ನೋಡಿದೆ. "ಬಿಚ್ಚು" ಎಂದು ಅವರು ಒಳಗೆ ಹೋಗಿ ತೆಂಗಿನೆಣ್ಣೆ ತಂದರು.

ತುಕ್ಕು ಹಿಡಿದ ತಿರುಪು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು, ಬೈದು, ಮತ್ತೆ ತಿರುಗಿಸಿದ ಮೇಲೆ ಸಡಿಲಾಯಿತು. ನನ್ನ ಹ್ಯಾಂಡಲ್ಲಿಗೆ ಬೆಲ್ಲಿನ ಪಟ್ಟಿ ದೊಡ್ಡದಾಯಿತು, ಚಿಂದಿ ಸುತ್ತಿ ಬಿಗಿದೆ. ಮೊದಲು ಬರೀ ಕರಕರ ಎಂದಿತು. ಇನ್ನೆರಡು ಹನಿ ಎಣ್ಣೆ ಬಿದ್ದದ್ದೇ, ಟ್ರಿಣ್ ಟ್ರಿಣ್! ಕೊಟ್ಟಿಗೆಯಲ್ಲಿದ್ದ ಎಮ್ಮೆ ಕಿವಿ ನಿಮಿರಿಸಿತು. ಅವರು ಮಾತ್ರ ಆ ಕಡೆ ತಿರುಗಿ ಸೆರಗಿನಲ್ಲಿ ಕೈ ಒರೆಸುತ್ತ ನಿಂತರು.

"ನೀ ಮುಂದೆ ಹೋಗು, ಆನು ಒಳದಾರಿಲ್ಲಿ ಬರ್ತೆ" ಎಂದರು. ನಾನು ಬೆಟ್ಟದ ಗಾಡಿದಾರಿ ಹಿಡಿದೆ. ಏರಿನಲ್ಲಿ ಜಲ್ಲಿ ಟೈರಿನಡಿ ಜಾರುತ್ತದೆ, ಉಸಿರು ಬಾಯಿಗೆ ಬರುತ್ತದೆ. ತಿರುವು ಬಂದಾಗಲೆಲ್ಲ ಬೆಲ್ ಬಾರಿಸಿ, ಕಾಲೂರಿ ನಿಂತು ಕೇಳುವುದು. ಒಂದು ಕಡೆ ಹಂದಿ ಅಗೆದ ಹಸಿ ಗುಂಡಿ. ಇನ್ನೊಂದು ಕಡೆ ಉದುರಿದ ದರಕಲೆಲೆಯ ಮೇಲೆ ಏನನ್ನೋ ಎಳೆದುಕೊಂಡು ಹೋದ ಗುರುತು. ಹತ್ತಿರ ಹೋಗಿ ನೋಡಿದೆ, ಯಾರೋ ಸೊಪ್ಪಿನ ಹೊರೆ ಎಳೆದದ್ದು. ಬದುಕಿದೆ ಎಂದುಕೊಂಡು ಮತ್ತೆ ಬಾರಿಸಿದೆ. ಕಾಡು ಸುಮ್ಮನಿತ್ತು. ಮರೆತಿದೆ, ಮೂರು ವರ್ಷವೆಂದರೆ ಸಣ್ಣದಲ್ಲ ಎಂದುಕೊಂಡೆ, ಯಾಕೋ ನನಗೇ ಅಳು ಬಂದ ಹಾಗಾಯಿತು.

ಹಳೆಯ ಕೆರೆಯ ಏರಿ ದಾಟಿದ ತಿರುವಿನಲ್ಲಿ ಬಾರಿಸಿದಾಗ ಬಿದಿರಿನ ಹಿಂಡು ಅಲ್ಲಾಡಿತು. ನಾನು ಸೈಕಲ್ಲನ್ನು ಅಡ್ಡ ಹಿಡಿದು ನಿಂತೆ, ಚಿರತೆಯಾದರೆ ಸೈಕಲ್ಲು ತಿನ್ನಲಿ ಎಂದು. ಬಂದದ್ದು ಕಪ್ಪು ಮೂತಿ, ಹಣೆಯ ಮೇಲೆ ಬಿಳಿ ಚುಕ್ಕೆ. ದಡದಡ ಬಂದು, ಹಿಂದಿನ ಚಕ್ರದ ಹತ್ತಿರ ಕ್ಯಾರಿಯರ್ ಇರಬೇಕಾದ ಜಾಗವನ್ನು ಮೂಸಿತು. ಅಲ್ಲಿ ಹಿಂಡಿಯಿಲ್ಲ, ಕ್ಯಾರಿಯರೇ ಇಲ್ಲ. ತಲೆಯೆತ್ತಿ ನನ್ನ ಮುಖ ನೋಡಿ, ಬುಸ್ಸೆಂದು ಮೋಸ ಹೋದವರ ಹಾಗೆ ತಿರುಗಿ ಹೋಯಿತು. ಹಿಂದೆಯೇ ಹೋದೆ. ಬಿದಿರಿನ ಬುಡದಲ್ಲಿ ಒಣಗಿದೆಲೆಯ ಮೇಲೆ ಕಾಲು ಮಡಚಿಕೊಂಡು ಕರು ಮಲಗಿತ್ತು, ಮೈಯಿನ್ನೂ ಒದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ದೇ ತಾಯಿ ಹಾಯಲು ಬಂತು. ಓಡಿ ದಾರಿಗೆ ಬಿದ್ದೆ.

ಮೊಬೈಲಿಗೆ ಅಲ್ಲಿ ಸಿಗ್ನಲ್ಲಿಲ್ಲ. ಅಕ್ಕನನ್ನು ಕರೆಯುವುದಾದರೂ ಹೇಗೆ? ಬೆಲ್ ಇತ್ತಲ್ಲ, ಬಿಡದೆ ಬಾರಿಸಿದೆ.

ಅವರು ಓಡುತ್ತ ಬಂದರು. ಕೋಲಿಲ್ಲ, ಸೆರಗಿಗೆ ಮುಳ್ಳು ಸಿಕ್ಕು ಹರಿದಿದೆ. ತಿರುವಿನಲ್ಲಿ ನನ್ನನ್ನು ಕಂಡು ಗಕ್ಕನೆ ನಿಂತರು. ಕಂಡದ್ದು ನಾನು ಎಂಬುದು ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕರು ನೋಡಿದರು, ಕೂತು ಅದರ ಬೆನ್ನು ಸವರಿದರು. "ಹಡಬೆ, ಇಲ್ಲಿ ಬಂದು ಕೂತ್ಕಂಜ್ಯಾ" ಎಂದು ಆಕಳಿಗೆ ಬೈದರು. ನನ್ನನ್ನು ಹಾಯಲು ಬಂದದ್ದು ಅವರ ಕೈ ನೆಕ್ಕುತ್ತ ನಿಂತಿತು.

ಕರುವನ್ನು ಒಯ್ಯಲು ನನ್ನ ಸೈಕಲ್ಲು ಉಪಯೋಗಕ್ಕೆ ಬರಲಿಲ್ಲ. "ಕ್ಯಾರಿಯರ್ ಇಲ್ದ ಸೈಕಲ್ಲು, ಚಂದಕ್ಕೆ ಮಾತ್ರ" ಎನ್ನುತ್ತ ಅವರೇ ಎದೆಗವಚಿ ಎತ್ತಿಕೊಂಡರು. ಆಕಳು ಅವರ ಹಿಂದೆ, ಸೈಕಲ್ಲು ತಳ್ಳುತ್ತ ನಾನು ಕೊನೆಗೆ. ವೀರಗಲ್ಲು ದಾಟುವಾಗ ಅವರು ಮೆಲ್ಲಗೆ, ಹಿಂದೆ ನೋಡದೆ ಹೇಳಿದರು: "ಕಾಡಲ್ಲಿ ಆ ಬೆಲ್ ಕೇಳ್ಚಲೇ, ಆಕಳು ಸಿಕ್ಚು ಹೇಳಿ ಆನು ಓಡಿ ಬಂದಿದ್ದಲ್ಲ. ಅಯ್ಯೋ, ಇವ್ರು ಬಂದ್ರು, ಚಾಕ್ಕೆ ನೀರಿಟ್ಟಿದ್ನಿಲ್ಲೆ ಹೇಳಿ ಗಾಬ್ರಿ ಆಗಿ ಓಡ್ದೆ."

ಆಕಳಿಗೆ ನೆನಪಿರುತ್ತದೆಯೇ ಎಂದು ಅಷ್ಟು ಹೊತ್ತು ತಲೆ ಕೆಡಿಸಿಕೊಂಡವಳು ನಾನು.

ಮನೆಗೆ ಬಂದು ಬೆಲ್ ಬಿಚ್ಚಲು ಪಾನಾ ತೆಗೆದೆ. ಅವರು ಕೈ ಹಿಡಿದರು. "ಇರಲಿ ಅದು ನಿನ್ನ ಹತ್ರ. ಈ ಬದಿಗೆ ಬಂದಾಗ ತಿರುವಲ್ಲಿ ಬಾರಿಸು."

"ಆಕಳು ಓಡಿ ಬರತೈತ್ರಿ ಅಕ್ಕಾರ, ಹಿಂಡಿ ಇಲ್ಲಂದ್ರ ಬೈತೈತಿ."

"ಹಿಂಡಿ ತಗಬಾ ಹಂಗರೆ," ಎಂದು ಅವರು ಒಳಗೆ ನಡೆದರು. "ಆನು ನೀರಿಡ್ತೆ."