ನೀರು ಹಿಡಿಯದ ಜಾಗ

ಹಡಪಸರದ ಅರ್ಧ ಕಟ್ಟಡಗಳಿಗೆ ನೀರು ಕುಡಿಸಿದವಳು ಯಮನವ್ವ. ಶಹಾಪುರದ ಕಡೆಯಿಂದ ಪುಣೆಗೆ ಬಂದ ಮೇಲೆ ಇಪ್ಪತ್ತು ವರ್ಷ, ಹೊಸ ಸ್ಲ್ಯಾಬು ಒಣಗದಂತೆ ಪೈಪು ಹಿಡಿದು ಓಡಾಡಿದ್ದೇ ಅವಳ ಬಾಳು. ನೀರು ಹಿಡಿಯದ ಕಡೆ ಕಾಂಕ್ರೀಟು ಬಿರುಕು ಬಿಡುತ್ತದೆ; ಅಂಗೈಯಗಲ ಜಾಗಕ್ಕೆ ನೀರು ಮುಟ್ಟದಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬಿದ್ದರೆ ಮುಗಿಯಿತು, ಎಲ್ಲರೆದುರು ಮೇಸ್ತ್ರಿಯ ಮಾನ ಹರಾಜು ಹಾಕುತ್ತಿದ್ದಳು.

ಅಂಥವಳನ್ನು ೨೦೦೭ರ ಒಂದು ಬೆಳಿಗ್ಗೆ ಸಿ.ಟಿ. ಯಂತ್ರದ ಹಲಗೆಯ ಮೇಲೆ ಮಲಗಿಸಿ ಹೊಟ್ಟೆಗೆ ಪಟ್ಟಿ ಬಿಗಿದರು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯ ಗುಮಾನಿ. ಅಲ್ಲಿ ರಕ್ತ ಹೇಗೆ ಹರಿಯುತ್ತದೆಂದು ನೋಡಬೇಕಿತ್ತು.

"ಅಲುಗಾಡಬ್ಯಾಡ, ಮಾತಾಡಬ್ಯಾಡ, ಸಣ್ಣಗ ಉಸಿರಾಡು ಅಂತಾರ ಯವ್ವಾ" ಎಂದು ಹೇಳಿ ಮಗ ಕಿಶೋರ ಹೊರಗೆ ಹೋದ.

ಕೈಗೆ ಚುಚ್ಚಿದ ಔಷಧ ಮೈತುಂಬ ಬಿಸಿಯಾಗಿ ಹರಿಯಿತು. ಯಂತ್ರ ಅದೇ ಜಾಗವನ್ನು ಮತ್ತೆ ಮತ್ತೆ ನೋಡಿತು. ಎದ್ದು ಓಡಬೇಕೆನಿಸಿದರೂ ಅವಳು ಬೆರಳು ಎತ್ತಲಿಲ್ಲ.

ಆಮೇಲೆ ಡಾಕ್ಟರು ಕಿಶೋರನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಮಾತಾಡಿದರು. ಪರದೆಯ ಮೇಲೆ ಅವಳ ಹೊಟ್ಟೆಯ ಚಿತ್ರ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು.

"ಕೆಂಪಂದ್ರ ರಕ್ತ ಹರದದ್ದೇನೋ?" ಮಗ ಬಂದೊಡನೆ ಕೇಳಿದಳು.

"ಹೌದು ಯವ್ವಾ. ಭಾಳ ಚಲೋ ಹರದದಂತ. ಬರೇ ಬಾವು ಅದ, ಗುಳಿಗಿಗೆ ಹೋಗ್ತದ."

ಕೆಂಪಿನ ನಡುವೆ ಒಂದು ನೀಲಿ ಕಲೆ ಇತ್ತು. ನೀರು ಹಿಡಿಯದ ಜಾಗದ ಗತಿಯೇನೆಂದು ಯಮನವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಯ್ಯಲು ಬಾಯಿ ತೆರೆದಳು. ಮಗನ ಕೆಳತುಟಿ ನಡುಗುತ್ತಿತ್ತು.

ಅವಳು ಅಲುಗಾಡಲಿಲ್ಲ, ಮಾತಾಡಲಿಲ್ಲ. ಸಣ್ಣಗೆ ಉಸಿರಾಡಿದಳು.