ಆಯ್ತಾಯ್ತುಗೆ ಬಿದ್ದ ಓಟು

ಲಾಂಡ್ರಿಯ ಕಿರಿ ಸೊಸೆಗೆ ತನ್ನ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಹೊಸದಲ್ಲ. ಮದುವೆಯಾಗಿ ಆ ಮನೆಗೆ ಬಂದ ವರ್ಷವೇ ಶುರುವಾಗಿತ್ತು. ಕಾಲರಿನ ಜಿಡ್ಡು, ತೋಳಿನ ಶಾಯಿ, ಬಿಳಿ ಅಂಗಿಯ ಮೇಲಿನ ಚಹಾದ ಕಲೆ, ಎಲ್ಲವನ್ನೂ ಹಿತ್ತಿಲ ಕಲ್ಲಿನ ಹತ್ತಿರ ಕೂತು ಉಜ್ಜಿ ಉಜ್ಜಿ ತೆಗೆಯುವವಳು ಇವಳು. ಆಮೇಲೆ ಮುಂದಿನ ಮೇಜಿನ ಮೇಲೆ ನಾಲ್ಕು ಸಲ ಇಸ್ತ್ರಿ ಎಳೆದು, ಮಡಿಸಿ, ನಗುತ್ತಾ ಗಿರಾಕಿಯ ಕೈಗೆ ಕೊಡುವವಳು ಹಿರಿಯಳು. ಗಿರಾಕಿ ಅಂಗಿಯನ್ನು ಬೆಳಕಿಗೆ ಹಿಡಿದು, "ದೊಡ್ಡಮ್ಮನ ಕೈ ಅಂದ್ರೆ ಕೈ ನೋಡಿ" ಅನ್ನುತ್ತಿದ್ದ. ಹಿತ್ತಿಲಲ್ಲಿ ಇವಳ ಕೈ ಸೋಪಿನ ನೀರಿಗೆ ಸುಕ್ಕುಗಟ್ಟಿರುತ್ತಿತ್ತು.

ಆ ವರ್ಷ ವಾರ್ಡಿನ ಚುನಾವಣೆ ಬಂತು. ನಿಂತವರು ಮೂವರು. ಒಬ್ಬ ಕಟ್ಟಡಗಳ ಕಂಟ್ರಾಕ್ಟರು. ಲಾಂಡ್ರಿಯ ಹಿಂದಿನ ಬಯಲನ್ನು ಲಾರಿ ನಿಲ್ಲಿಸುವ ಜಾಗ ಮಾಡುತ್ತೇನೆ ಅಂತ ಅವನು ಬಹಿರಂಗವಾಗಿಯೇ ಹೇಳಿಕೊಂಡು ತಿರುಗುತ್ತಿದ್ದ. ಇಡೀ ಬೀದಿಯ ಬಟ್ಟೆ ಒಣಗುವುದು ಆ ಬಯಲಲ್ಲಿ. ಎರಡನೆಯವನು ಹಳೆಯ ಮೆಂಬರು. ಯಾರು ಏನು ಕೇಳಿದರೂ "ಆಯ್ತಾಯ್ತು" ಅಂದು ಕಳಿಸಿ, ಏನೂ ಮಾಡದೆ ಇರುವವನು. ಅದೇ ಅವನ ಹೆಸರಾಗಿಬಿಟ್ಟಿತ್ತು. ಮೂರನೆಯವಳು ನಿವೃತ್ತಳಾದ ನರ್ಸಮ್ಮ. ಬೀದಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ಒಳ್ಳೆಯವಳು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಆದರೆ ಈ ಬೀದಿ ದಾಟಿದರೆ ಅವಳನ್ನು ಬಲ್ಲವರೇ ಇರಲಿಲ್ಲ.

ಕಿರಿಯಳಿಗೆ ಲೆಕ್ಕ ಸ್ಪಷ್ಟವಾಗಿತ್ತು. ನರ್ಸಮ್ಮನಿಗೆ ಬೀಳುವ ಪ್ರತಿ ಓಟೂ ಆಯ್ತಾಯ್ತುವಿನ ಜೇಬಿನಿಂದ ಹೋಗುವ ಓಟು. ಆಯ್ತಾಯ್ತು ಸೋತರೆ ಬಯಲು ಹೋಯಿತು. ಒದ್ದೆ ಕೈ ಒರೆಸಿಕೊಂಡು ಅವಳು ಮನೆ ಮನೆ ಹತ್ತಿ ಇಳಿದಳು. "ಅವನು ಯೋಗ್ಯ ಅಂತ ನಾನು ಹೇಳ್ತಿಲ್ಲ. ಏನೂ ಮಾಡೋದಿಲ್ಲ ಅವನು. ನಮಗೆ ಬೇಕಾಗಿರೋದೂ ಅದೇ ಅಲ್ವಾ, ಬಯಲಿಗೆ ಏನೂ ಮಾಡದೆ ಇದ್ದರೆ ಸಾಕು" ಅಂದಳು. ಜನ ನಕ್ಕರು, ತಲೆ ಕೆರೆದುಕೊಂಡರು, ಕೊನೆಗೆ ಒಪ್ಪಿದರು.

ಒಪ್ಪದವಳು ಮನೆಯೊಳಗೇ ಇದ್ದಳು.

"ನಾನು ನರ್ಸಮ್ಮನಿಗೇ ಹಾಕೋದು" ಅಂದಳು ಹಿರಿಯಳು, ಇಸ್ತ್ರಿಯಿಂದ ಕಣ್ಣೆತ್ತದೆ. "ಯೋಗ್ಯರು ಎದುರಿಗೆ ನಿಂತಿರುವಾಗ ಅಯೋಗ್ಯನಿಗೆ ಮುದ್ರೆ ಒತ್ತೋಕೆ ನನ್ನ ಕೈ ಬರೋದಿಲ್ಲ."

"ಬಯಲು ಹೋದರೆ ಬಟ್ಟೆ ಎಲ್ಲಿ ಒಣಗಿಸ್ತೀಯ ಅಕ್ಕ, ನಿನ್ನ ಯೋಗ್ಯತೆಯ ಮೇಲಾ?"

ಹಿರಿಯಳು ಇನ್ನೊಂದು ಅಂಗಿ ಎಳೆದುಕೊಂಡಳು. ಅಂಗಡಿಯ ಗಿರಾಕಿಗಳ ಎದುರಿಗೇ ನಡೆದ ಮಾತು ಇದು. ಸಂಜೆಯ ಹೊತ್ತಿಗೆ ಬೀದಿ ತುಂಬಾ ಹಬ್ಬಿತು. ಮರುದಿನ ನರ್ಸಮ್ಮನೇ ಅಂಗಡಿಗೆ ಬಂದು, ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಹಿರಿಯಳ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಕಿರಿಯಳು ಒಣಗಿದ ಬಟ್ಟೆಯ ಗಂಟು ಹೊತ್ತು ಒಳಗೆ ಬಂದಾಗ ನರ್ಸಮ್ಮ ಅವಳನ್ನು ನೋಡಿ ಸಣ್ಣಗೆ ನಕ್ಕಳು, ಅಷ್ಟೇ. ನನ್ನ ಎರಡೂ ಹೆರಿಗೆ ಮಾಡಿಸಿದವಳು ಇವಳೇ ಅಲ್ಲವಾ, ಅನ್ನಿಸಿತು ಕಿರಿಯಳಿಗೆ. ಗಂಟನ್ನು ಬೇಕಂತಲೇ ದಬ್ಬೆಂದು ಕೆಳಗೆ ಹಾಕಿದಳು.

ಮತದಾನ ಮುಗಿಯಿತು. ಆಯ್ತಾಯ್ತು ಕೂದಲೆಳೆಯಲ್ಲಿ ಗೆದ್ದ. ಈ ಬೀದಿಯ ಓಟು ಬೀಳದಿದ್ದರೆ ಕಂಟ್ರಾಕ್ಟರೇ ಗೆಲ್ಲುತ್ತಿದ್ದ ಅನ್ನುವುದನ್ನು ಅವನ ಕಡೆಯವರೇ ಹಲ್ಲು ಕಡಿಯುತ್ತಾ ಹೇಳಿದರು. ಬಯಲು ಉಳಿಯಿತು. ಅವತ್ತು ಹಗ್ಗದ ತುಂಬಾ ಬಿಳಿ ಹಾಸಿಗೆ ಬಟ್ಟೆ ಹರವುತ್ತಾ ಕಿರಿಯಳು, ಇನ್ನೇನು ಯಾರಾದರೂ ಬಂದು ಒಂದು ಒಳ್ಳೆ ಮಾತು ಆಡುತ್ತಾರೆ ಅಂತ ಕಾದಳು. ಬಂದರು. ಬಂದು ನಿಂತದ್ದು ಹಿರಿಯಳ ಸುತ್ತ. "ದೊಡ್ಡಮ್ಮ, ನಾವೆಲ್ಲ ಹೆದರಿಕೊಂಡ್ವಿ. ನೀವೊಬ್ರೇ ಮನಸ್ಸಾಕ್ಷಿಗೆ ಹಾಕಿದ್ದು" ಅಂದಳು ಎದುರು ಮನೆಯ ದರ್ಜಿಯ ಹೆಂಡತಿ. ಪಕ್ಕದಲ್ಲಿದ್ದವರು ಹೌದೌದು ಅಂದರು. ಹರವುತ್ತಿದ್ದ ಬಟ್ಟೆಯ ಹಿಂದೆ ಕಿರಿಯಳ ಮುಖ ಯಾರಿಗೂ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

ಸ್ವಲ್ಪ ದಿನಕ್ಕೇ ಬೀದಿಯ ಚರಂಡಿ ಕಟ್ಟಿಕೊಂಡಿತು. ಗಬ್ಬು ನೀರು ಹೊಸ್ತಿಲಿಗೆ ಬಂತು. ಆಯ್ತಾಯ್ತು ಎಂದಿನಂತೆ "ಆಯ್ತಾಯ್ತು" ಅಂದ. ಆಗ ಜನಕ್ಕೆ ಕಿರಿಯಳ ನೆನಪಾಯಿತು. "ನೀನು ಹೇಳಿದೆ ಅಂತ ಹಾಕಿದ್ವಲ್ಲ ತಾಯಿ, ಈಗ ನೀನೇ ಹೋಗಿ ಕೇಳು" ಅಂತ ಅದೇ ದರ್ಜಿಯ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನಿಂತಳು.

ಕಿರಿಯಳು ಹೋದಳು. ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಆಯ್ತಾಯ್ತುವಿನ ಬಾಗಿಲಲ್ಲಿ ಕೂತಳು. ಅವನು ಎರಡು ಸಲ ಆಯ್ತಾಯ್ತು ಅಂದ. "ಆಗೋವರೆಗೂ ಇಲ್ಲೇ ಕೂತಿರ್ತೀವಿ" ಅಂದಳು ಇವಳು. ಅವನ ಮನೆಯವರಿಗೆ ಹೊರಗೆ ಕಾಲಿಡಲು ಜಾಗ ಇರಲಿಲ್ಲ. ಮಧ್ಯಾಹ್ನದೊಳಗೆ ಕೆಲಸದವರು ಸಲಿಕೆ ಹಿಡಿದು ಬಂದರು. ಹಿರಿಯಳೂ ಬಂದಿದ್ದಳು, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ವಾಪಸ್ಸು ಬರುವಾಗ ಯಾರೋ ಅಂದರು: "ದೊಡ್ಡಮ್ಮನಂಥೋರು ಬಂದು ಕೂತ್ರಲ್ಲ, ಅವನಿಗೆ ನಾಚಿಕೆ ಆಯ್ತು."

ಅವತ್ತು ಅಂಗಡಿ ಖಾಲಿಯಿದ್ದಾಗ ಕಿರಿಯಳು ಮೇಜಿನ ಹತ್ತಿರ ಬಂದು ನಿಂತಳು. ಅದುಮಿಟ್ಟದ್ದೆಲ್ಲ ಬಾಯಿಗೆ ಬಂದಿತ್ತು.

"ಅಕ್ಕ, ಒಂದು ಮಾತು. ನೀನು ಮನಸ್ಸಾಕ್ಷಿಗೆ ಓಟು ಹಾಕಿ ಹಾಯಾಗಿ ಮಲಗೋಕೆ ಆಗಿದ್ದು, ನಾವು ಇಷ್ಟು ಜನ ಕೆಸರು ಮೆತ್ತಿಕೊಂಡಿದ್ದರಿಂದ. ಎಲ್ಲರೂ ನಿನ್ನ ಹಾಗೇ ಹಾಕಿದ್ದರೆ ಇವತ್ತು ಹಿತ್ತಿಲಲ್ಲಿ ಲಾರಿ ನಿಂತಿರ್ತಿತ್ತು."

ಹಿರಿಯಳು ಇಸ್ತ್ರಿಯನ್ನು ನಿಲ್ಲಿಸಿಟ್ಟಳು. "ಗೊತ್ತು" ಅಂದಳು. "ಆವತ್ತೇ ಗೊತ್ತಿತ್ತು. ನೀನು ಬೀದೀನೆಲ್ಲ ಒಪ್ಪಿಸಿ ಆಗಿತ್ತು. ನನ್ನ ಒಂದು ಓಟಿಂದ ಏನೂ ಕೆಡೋದಿಲ್ಲ ಅಂತ ಗೊತ್ತಿದ್ದೇ ಹಾಕಿದೆ."

ಜಗಳಕ್ಕೆ ಬಂದವಳ ಕೈ ಖಾಲಿಯಾಗಿತ್ತು.

"ಇನ್ನೊಂದು ಹೇಳ್ತೀನಿ, ನಗಬೇಡ" ಅಂದಳು ಹಿರಿಯಳು. "ನರ್ಸಮ್ಮನಿಗೆ ಹಾಕಿ ಅಂತ ನಾನು ನಿಮ್ಮ ಭಾವನಿಗೆ ಒಂದು ವಾರ ಹೇಳಿದೆ. ತಟ್ಟೆ ಮುಂದೆ ಕೂತಾಗೆಲ್ಲ ಹೇಳಿದೆ. ಹೂಂ ಅಂತಿದ್ರು. ಹೋಗಿ ನಿನ್ನ ಆಯ್ತಾಯ್ತುಗೇ ಹಾಕಿ ಬಂದ್ರು. 'ಚಿಕ್ಕವಳು ಹೇಳೋದರಲ್ಲಿ ಅರ್ಥ ಇದೆ' ಅಂದ್ರು, ನನ್ನ ಮುಖಕ್ಕೇ. ಮೂರು ದಿನ ಅವರ ಹತ್ತಿರ ಮಾತು ಬಿಟ್ಟಿದ್ದೆ. ನಿನ್ನ ಕಂಡರೆ ಮೈ ಉರೀತಿತ್ತು. ಬೀದಿಗೆ ಬೀದಿಯೇ ನೀನು ಹೇಳಿದ್ದನ್ನ ಕೇಳುತ್ತೆ, ನನ್ನನ್ನ ಬರೀ ಹೊಗಳುತ್ತೆ."

ಕಿರಿಯಳು ಮುಖ ತಿರುಗಿಸಿಕೊಂಡಳು, ನಗು ಕಾಣಬಾರದು ಅಂತ. ಅದು ಒಳ್ಳೆಯ ನಗುವಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ಇಷ್ಟು ವರ್ಷ ತನ್ನೊಬ್ಬಳ ಹೊಟ್ಟೆಯಲ್ಲೇ ಬೆಂಕಿ ಅಂದುಕೊಂಡಿದ್ದಳು.

"ಮುಂದಿನ ಸಲ ನರ್ಸಮ್ಮ ಮತ್ತೆ ನಿಲ್ತಾರಂತೆ" ಅಂದಳು ಹಿರಿಯಳು ತಗ್ಗಿದ ದನಿಯಲ್ಲಿ. "ಅವರ ಪರವಾಗಿ ತಿರುಗ್ತೀಯಾ?"

"ಗೆಲ್ಲೋ ಹಾಗಿದ್ದರೆ."

"ಗೆಲ್ಲೋ ಹಾಗೆ ಮಾಡು ಅಂತಲೇ ಕೇಳ್ತಿರೋದು. ಬೇರೆ ಬೀದಿಗಳಿಗೂ ಹೋಗಬೇಕು. ನನಗೆ ಅದೆಲ್ಲ ಬರೋದಿಲ್ಲ."

ಹಿರಿಯಳು ತನ್ನನ್ನು ಒಂದು ಕೆಲಸ ಮಾಡಿಕೊಡು ಅಂತ ಕೇಳಿದ್ದು ಇದೇ ಮೊದಲು. ಕಿರಿಯಳಿಗೆ ಒಪ್ಪಿಗೆಯಿತ್ತು. ನರ್ಸಮ್ಮನ ಬಗ್ಗೆ ಅವಳಿಗೆ ಎಂದೂ ತಕರಾರು ಇರಲಿಲ್ಲ. ಆದರೂ ತಕ್ಷಣ ಹೂಂ ಅನ್ನಲು ಮನಸ್ಸು ಬರಲಿಲ್ಲ.

"ನೋಡೋಣ" ಅಂದು ಹಿತ್ತಿಲಿಗೆ ನಡೆದಳು. ಬಾಗಿಲ ಹತ್ತಿರ ಒಮ್ಮೆ ಹಿಂತಿರುಗಿ ನೋಡಿದಳು. ಹಿರಿಯಳು ಇಸ್ತ್ರಿ ಮುಟ್ಟದೆ, ಉತ್ತರಕ್ಕಾಗಿ ಇವಳನ್ನೇ ನೋಡುತ್ತಾ ನಿಂತಿದ್ದಳು.